ಇಲ್ಲದ ಶಾಂತಿ, ಬೆಳ್ಳಿಯ ಮೇಲೆ: ರೋಮನ್ ನಾಣ್ಯಗಳ ಚಿತ್ರ ಓದುವುದು ಹೇಗೆ

ಕ್ರಿ.ಶ. 69ರ ಜನವರಿ 15ರಂದು ರೋಮ್ ನಗರದ ನಟ್ಟನಡುವೆ, ಹಾಡಹಗಲೇ, ಚಕ್ರವರ್ತಿ ಗಾಲ್ಬಾನನ್ನು ಸೈನಿಕರು ಕಡಿದು ಹಾಕಿದರು. ಕೊಲ್ಲಿಸಿದ ಒಥೋ ಅಂದೇ ಪಟ್ಟಕ್ಕೆ ಬಂದ. ಅಷ್ಟು ಹೊತ್ತಿಗಾಗಲೇ ರೈನ್ ನದಿ ಕಡೆಯ ಪಡೆಗಳು ವಿಟೆಲಿಯಸ್ ಎಂಬ ಇನ್ನೊಬ್ಬನನ್ನು ಚಕ್ರವರ್ತಿ ಎಂದು ಸಾರಿದ್ದವು. ಏಪ್ರಿಲ್‌ನಲ್ಲಿ ಉತ್ತರ ಇಟಲಿಯಲ್ಲಿ ಯುದ್ಧವಾಯಿತು, ಒಥೋ ಸೋತ, ತನ್ನನ್ನು ತಾನೇ ಇರಿದುಕೊಂಡು ಸತ್ತ. ಹೆಚ್ಚುಕಡಿಮೆ ಮೂರೇ ತಿಂಗಳ ಆಳ್ವಿಕೆ. ಆ ಮೂರು ತಿಂಗಳಲ್ಲಿ ಅವನ ಟಂಕಸಾಲೆ ಹೊರಡಿಸಿದ ಒಂದು ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಕೊಂಬೆ ಹಿಡಿದು ನಿಂತ ಹೆಣ್ಣೊಬ್ಬಳಿದ್ದಾಳೆ. ಸುತ್ತಲಿನ ಅಕ್ಷರಗಳು ಹೇಳುವುದು: ‘ಪಾಕ್ಸ್ ಆರ್ಬಿಸ್ ಟೆರ್ರಾರುಮ್’, ಅಂದರೆ ಇಡೀ ಭೂಮಂಡಲಕ್ಕೆ ಶಾಂತಿ.

ಮುಂಬದಿಯಲ್ಲಿರುವುದು ಒಥೋನ ಮುಖ. ತಲೆಯಲ್ಲಿ ಕೂದಲು ತೆಳುವಾಗಿದ್ದುದರಿಂದ ಅವನು ವಿಗ್ ಹಾಕುತ್ತಿದ್ದ ಎಂದು ರೋಮನ್ ಇತಿಹಾಸಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ನಾಣ್ಯದ ಮೇಲೆ ಮಾತ್ರ ಗುಂಗುರು ಕೂದಲು ಸಾಲುಸಾಲಾಗಿ, ಒಂದೂ ಅಲುಗದಂತೆ ಕೂತಿದೆ.

ರೋಮನ್ ನಾಣ್ಯಗಳ ಚಿತ್ರಗಳನ್ನು ಆ ಕಾಲದ ಸುದ್ದಿ ಎಂದು ಓದಿದರೆ ಮೋಸ ಹೋಗುತ್ತೇವೆ. ಅವು ಸುದ್ದಿಯಲ್ಲ, ವಾದ. ನಾಣ್ಯ ಹೊಡೆಸಿದವನು ಜನ ಏನನ್ನು ನಂಬಲಿ ಎಂದು ಬಯಸಿದನೋ ಅದು ಅಲ್ಲಿದೆ. ಹಾಗಾಗಿ ನಾಣ್ಯ ಕೈಗೆ ಬಂದಾಗ ಚಿತ್ರದಲ್ಲಿ ಏನಿದೆ ಎನ್ನುವುದರ ಜೊತೆಗೇ ಅದನ್ನು ಯಾವ ವರ್ಷ, ಯಾರು, ಯಾರ ಸಂಬಳಕ್ಕೆ ಹೊಡೆಸಿದರು ಎಂದೂ ಕೇಳಬೇಕು. ಒಥೋನ ನಾಣ್ಯದಲ್ಲಿ ‘ಶಾಂತಿ’ ಎಂಬ ಮಾತಿಗೆ ಅರ್ಥ ಬರುವುದೇ ಆಗ.

ಮೊದಲು ನಾಣ್ಯದ ಪರಿಚಯ. ರೋಮಿನ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ಕ್ರಿ.ಪೂ. 211ರ ಸುಮಾರಿಗೆ, ಕಾರ್ತೇಜ್ ಸೇನಾನಿ ಹ್ಯಾನಿಬಲ್ ಇಟಲಿಯೊಳಗೇ ಬೀಡುಬಿಟ್ಟಿದ್ದ ಯುದ್ಧದ ನಡುವೆ ಇದು ಹುಟ್ಟಿತು. ಶುರುವಿನಲ್ಲಿ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿತ್ತು, ಬೇಗನೇ ನಾಲ್ಕು ಗ್ರಾಮಿಗಿಂತ ತುಸು ಕೆಳಗಿಳಿದು ಅಲ್ಲೇ ಬಹುಕಾಲ ನಿಂತಿತು. ಅಡ್ಡಗಲ ಎರಡು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಮೊದಮೊದಲ ನಾಣ್ಯಗಳ ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ರೋಮಾ ದೇವಿ, ಹಿಂಬದಿಯಲ್ಲಿ ಈಟಿ ಹಿಡಿದು ಕುದುರೆ ಓಡಿಸುವ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್. ಹಿಂದೊಮ್ಮೆ ಯುದ್ಧದಲ್ಲಿ ಇವರಿಬ್ಬರೂ ಬಂದು ರೋಮನ್ನರ ಪರ ಹೋರಾಡಿದ್ದರೆಂಬ ಕತೆಯಿತ್ತು. ಹ್ಯಾನಿಬಲ್ ಬಾಗಿಲಲ್ಲಿದ್ದಾಗ ಆ ಕತೆಯನ್ನು ನೆನಪಿಸುವುದಕ್ಕೆ ಕಾರಣ ಬೇಕಿಲ್ಲ.

ಇದನ್ನು ತಯಾರಿಸುತ್ತಿದ್ದ ಬಗೆಯನ್ನು ಒಂದು ನಾಣ್ಯವೇ ತೋರಿಸುತ್ತದೆ. ಕ್ರಿ.ಪೂ. 46ರಲ್ಲಿ ಟೈಟಸ್ ಕ್ಯಾರಿಸಿಯಸ್ ಎಂಬ ಟಂಕಸಾಲೆ ಅಧಿಕಾರಿ ಹೊಡೆಸಿದ ಡಿನೇರಿಯಸ್ ಅದು. ಮುಂಬದಿಯಲ್ಲಿ ಜೂನೋ ಮೊನೆಟಾ ದೇವಿ. ರೋಮಿನ ಟಂಕಸಾಲೆ ಇದ್ದದ್ದು ಕ್ಯಾಪಿಟೋಲೈನ್ ಗುಡ್ಡದ ಮೇಲಿನ ಅವಳ ಗುಡಿಯ ಆಸರೆಯಲ್ಲೇ. ಹಿಂಬದಿಯಲ್ಲಿ ಅಡಿಗಲ್ಲು, ಇಕ್ಕಳ, ಸುತ್ತಿಗೆ. ಇಷ್ಟೇ ಕಾರ್ಖಾನೆ. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಬೆಳ್ಳಿಯ ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಒಂದೇಟು. ಅಚ್ಚುಗಳನ್ನು ಕೈಯಲ್ಲೇ, ಉಲ್ಟಾ ಕೆತ್ತಬೇಕು. ಏಟು ತುಸು ವಾಲಿದರೂ ಚಿತ್ರ ಪಕ್ಕಕ್ಕೆ ಸರಿದು ಚಕ್ರವರ್ತಿಯ ಮೂಗೋ ಅವನ ಬಿರುದಿನ ಅರ್ಧವೋ ಬೆಳ್ಳಿಯಾಚೆ ಹೋಗುತ್ತಿತ್ತು. ಅಂಥ ನಾಣ್ಯಗಳು ಇಂದಿಗೂ ಬೇಕಾದಷ್ಟು ಸಿಗುತ್ತವೆ.

ಇಷ್ಟು ಸಣ್ಣ ಜಾಗದಲ್ಲಿ ಒಬ್ಬ ದೇವತೆಯನ್ನು ಗುರುತು ಹಿಡಿಯುವುದು ಹೇಗೆ? ನಮ್ಮ ದೇವಸ್ಥಾನದ ಗೋಡೆಯ ಶಿಲ್ಪಗಳನ್ನು ಹೇಗೆ ಗುರುತಿಸುತ್ತೇವೋ ಹಾಗೆಯೇ. ಮುಖ ನೋಡಿ ಅಲ್ಲ, ಕೈಯಲ್ಲಿ ಹಿಡಿದಿರುವುದನ್ನು ನೋಡಿ. ಶಂಖ ಚಕ್ರ ಕಂಡರೆ ವಿಷ್ಣು ಎನ್ನುವ ಹಾಗೆ, ಚುಕ್ಕಾಣಿ ಕಂಡರೆ ಫಾರ್ಚುನಾ, ಅದೃಷ್ಟದ ದೇವತೆ; ತಕ್ಕಡಿ ಕಂಡರೆ ಅಕ್ವಿಟಾಸ್, ನ್ಯಾಯದ ಅಳತೆ. ಹಾವಿಗೆ ಉಣಿಸುತ್ತಿದ್ದರೆ ಸಾಲುಸ್, ಆರೋಗ್ಯ. ಒಂದು ಕೈಯಲ್ಲಿ ಹೂ ಹಿಡಿದು ಇನ್ನೊಂದರಲ್ಲಿ ಸೆರಗಿನ ಅಂಚನ್ನು ತುಸು ಎತ್ತಿ ಹೆಜ್ಜೆ ಇಡುತ್ತಿದ್ದರೆ ಸ್ಪೆಸ್, ಭರವಸೆ. ಧಾನ್ಯದ ತೆನೆ, ಪಕ್ಕದಲ್ಲಿ ಕೊಳಗ ಇದ್ದರೆ ಅನೋನಾ, ರೋಮಿಗೆ ಬರುವ ಧಾನ್ಯದ ಸರಬರಾಜು. ಇವೆಲ್ಲ ಹಳೆಯ ಪುರಾಣದ ದೇವತೆಗಳಲ್ಲ, ಗುಣಗಳಿಗೆ ಕೊಟ್ಟ ಹೆಣ್ಣುರೂಪಗಳು. ಆದರೂ ರೋಮನ್ನರು ಇವರಲ್ಲಿ ಹಲವರಿಗೆ ಗುಡಿ ಕಟ್ಟಿ ಬಲಿ ಕೊಡುತ್ತಿದ್ದರು.

ಚಕ್ರವರ್ತಿಗಳಿಗೂ ಮುಂಚಿನ ಗಣರಾಜ್ಯ ಕಾಲದ ನಾಣ್ಯಗಳು ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯಕರ. ಆಗ ಟಂಕಸಾಲೆಯ ಹೊಣೆ ಪ್ರತಿವರ್ಷ ಮೂವರು ಯುವಕರ ಮೇಲಿರುತ್ತಿತ್ತು. ದೊಡ್ಡ ಮನೆತನದ ಹುಡುಗರು, ರಾಜಕೀಯದ ಮೊದಲ ಮೆಟ್ಟಿಲು. ಮುಂದೆ ಚುನಾವಣೆಗೆ ನಿಲ್ಲಬೇಕು, ಹೆಸರು ಊರಿಗೆಲ್ಲ ಗೊತ್ತಾಗಬೇಕು. ಸರ್ಕಾರದ ಬೆಳ್ಳಿ ಕೈಯಲ್ಲಿರುವಾಗ ಇದಕ್ಕಿಂತ ಅಗ್ಗದ ಪ್ರಚಾರ ಇನ್ನೆಲ್ಲಿ ಸಿಗಬೇಕು? ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಇವರು ದೇವರುಗಳನ್ನು ಒಂದಷ್ಟು ಪಕ್ಕಕ್ಕೆ ಸರಿಸಿ ತಮ್ಮ ಅಜ್ಜ ಮುತ್ತಜ್ಜರನ್ನು ನಾಣ್ಯಕ್ಕೆ ತಂದರು. ಕೆಲವರದು ಬರೀ ಹೆಸರಿನ ಆಟ. ಪೊಂಪೋನಿಯಸ್ ಮ್ಯೂಸಾ ಎಂಬವನು ಕಲೆಗಳ ಅಧಿದೇವತೆಗಳಾದ ಒಂಬತ್ತು ಮ್ಯೂಸ್‌ಗಳನ್ನು ಹಾಕಿಸಿದ. ಮಾಮಿಲಿಯಸ್ ಮನೆತನದವರು ತಾವು ಗ್ರೀಕ್ ಪುರಾಣದ ವೀರ ಯುಲಿಸಿಸ್‌ನ ವಂಶದವರು ಎಂದು ಹೇಳಿಕೊಳ್ಳುತ್ತಿದ್ದರು. ಅವರಲ್ಲೊಬ್ಬನ ನಾಣ್ಯದಲ್ಲಿ ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಮರಳಿದ ಯುಲಿಸಿಸ್, ಅವನ ಗುರುತು ಹಿಡಿದು ಮುಖವೆತ್ತಿ ನೋಡುವ ಅವನ ಮುದಿ ನಾಯಿ ಆರ್ಗಸ್.

ಇನ್ನು ಕೆಲವು ನಾಣ್ಯಗಳಲ್ಲಿ ಪ್ರಜೆಯ ಹಕ್ಕೇ ಚಿತ್ರವಾಗಿದೆ. ಕ್ರಿ.ಪೂ. 110ರ ಹೊತ್ತಿಗೆ ಪೋರ್ಸಿಯಸ್ ಲೇಕಾ ಹೊಡೆಸಿದ ನಾಣ್ಯದಲ್ಲಿ ಸೈನಿಕ ಉಡುಪಿನ ಅಧಿಕಾರಿಯೊಬ್ಬ ಕೈ ಚಾಚಿದ್ದಾನೆ, ಹಿಂದೆ ಕೋಲು ಹಿಡಿದ ಆಳು, ಮುಂದೆ ಟೋಗಾ ಎಂಬ ಮೈಸುತ್ತುವ ಬಟ್ಟೆ ಉಟ್ಟ ಸಾಮಾನ್ಯ ಪ್ರಜೆ. ಕೆಳಗೆ ಒಂದೇ ಪದ: ‘ಪ್ರೊವೋಕೋ’. ನಾನು ಮೇಲ್ಮನವಿ ಸಲ್ಲಿಸುತ್ತೇನೆ. ಅಧಿಕಾರಿ ಮನಸ್ಸಿಗೆ ಬಂದಂತೆ ಹೊಡೆಸುವಂತಿಲ್ಲ, ಕೊಲ್ಲಿಸುವಂತಿಲ್ಲ ಎಂಬ ಕಾನೂನಿನ ಹಿಂದೆ ಪೋರ್ಸಿಯಸ್ ಮನೆತನದ ಹೆಸರಿತ್ತು. ಅದೇ ಸುಮಾರಿನ ನೆರ್ವಾ ಎಂಬವನ ನಾಣ್ಯವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಮತ ಹಾಕಲು ಜನ ದಾಟುತ್ತಿದ್ದ ಕಿರಿದಾದ ಹಲಗೆಸೇತುವೆ ಅಲ್ಲಿದೆ. ಒಬ್ಬ ಕೆಳಗೆ ನಿಂತವನ ಕೈಯಿಂದ ಮತದ ಹಲಗೆ ತೆಗೆದುಕೊಳ್ಳುತ್ತಿದ್ದಾನೆ, ಇನ್ನೊಬ್ಬ ಆಗಲೇ ದಾಟಿ ಪೆಟ್ಟಿಗೆಗೆ ಹಾಕುತ್ತಿದ್ದಾನೆ. ಉಗುರಗಲದ ಬೆಳ್ಳಿಯಲ್ಲಿ ಇಡೀ ಮತಗಟ್ಟೆ.

ರೋಮಿಗೆ ತಿರುಗಿಬಿದ್ದವರೂ ಈ ಭಾಷೆಯನ್ನೇ ಬಳಸಿದರು. ಕ್ರಿ.ಪೂ. 91ರಲ್ಲಿ ಇಟಲಿಯ ಮಿತ್ರ ಜನಾಂಗಗಳು ತಮಗೂ ಪೌರತ್ವ ಬೇಕೆಂದು ದಂಗೆ ಎದ್ದವು. ಅವರು ಹೊಡೆಸಿದ ಡಿನೇರಿಯಸ್ ತೂಕ, ಗಾತ್ರ ಎಲ್ಲದರಲ್ಲೂ ರೋಮಿನದರಂತೆಯೇ. ಚಿತ್ರ ಮಾತ್ರ ಬೇರೆ: ಒಂದು ಗೂಳಿ ತೋಳವನ್ನು ನೆಲಕ್ಕೆ ಕೆಡವಿ ಕೊಂಬಿನಿಂದ ತಿವಿಯುತ್ತಿದೆ. ರೊಮ್ಯುಲಸ್ ಮತ್ತು ರೀಮಸ್‌ಗೆ ಹಾಲೂಡಿಸಿದ ಹೆಣ್ಣುತೋಳ ರೋಮಿನ ಗುರುತು, ಗೂಳಿ ಇಟಲಿಯದು. ರೋಮ್ ತನ್ನ ಹೆಮ್ಮೆ ಎಂದು ಮೆರೆಸಿದ ಪ್ರಾಣಿಯನ್ನೇ ವೈರಿಗಳು ಹೀಗೆ ಮಣ್ಣುಮುಕ್ಕಿಸಿದರು.

ಅಲ್ಲಿಯವರೆಗೆ ಒಂದು ಕಟ್ಟಳೆ ಮಾತ್ರ ಮುರಿದಿರಲಿಲ್ಲ. ಸತ್ತ ಹಿರಿಯರ ಮುಖ ಹಾಕಬಹುದು, ಬದುಕಿರುವ ರೋಮನ್ನನ ಮುಖವನ್ನು ರೋಮಿನ ನಾಣ್ಯದ ಮೇಲೆ ಹಾಕುವಂತಿಲ್ಲ. ಅದು ಅರಸರ ಕೆಲಸ, ಅರಸರನ್ನು ರೋಮ್ ಎಂದೋ ಓಡಿಸಿತ್ತು. ಜೂಲಿಯಸ್ ಸೀಸರ್ ಮೊದಲು ಸುತ್ತುಬಳಸಿ ಹೋದ. ಕ್ರಿ.ಪೂ. 49ರ ಹೊತ್ತಿಗೆ ಅಂತರ್ಯುದ್ಧದ ಖರ್ಚಿಗೆ ಹೊಡೆಸಿದ ನಾಣ್ಯದಲ್ಲಿ ಹಾವಿನಂಥದ್ದನ್ನು ತುಳಿಯುವ ಆನೆ ಇದೆ, ಅಡಿಯಲ್ಲಿ ಬರೀ ‘ಸೀಸರ್’. ಹಿಂಬದಿಯಲ್ಲಿ ಅರ್ಚಕರ ಟೋಪಿ, ಸೌಟು, ಕೊಡಲಿ. ಬಿರುದು ಬಾವಲಿ ಒಂದೂ ಇಲ್ಲ. ಮುಂದೆ ವೀನಸ್ ದೇವಿ ಬಂದಳು, ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಉರಿಯುವ ಟ್ರಾಯ್ ನಗರದಿಂದ ಹೊರಡುವ ಈನಿಯಾಸ್ ಬಂದ. ಇವರಿಬ್ಬರೂ ಸೀಸರನ ವಂಶದ ಮೂಲವಂತೆ. ಕೊನೆಗೆ ಕ್ರಿ.ಪೂ. 44ರ ಆರಂಭದಲ್ಲಿ ಸುಕ್ಕುಗಟ್ಟಿದ ಕತ್ತಿನ, ಮಾಲೆ ತೊಟ್ಟ ಸೀಸರನ ಮುಖವೇ ಬಂತು. ಪಕ್ಕದಲ್ಲಿ ‘ಆಜೀವ ಸರ್ವಾಧಿಕಾರಿ’ ಎಂಬ ಬರಹ. ಮಾರ್ಚ್ 15ಕ್ಕೆ ಅವನ ಕೊಲೆಯಾಯಿತು. ನಾಣ್ಯದಿಂದಲೇ ಕೊಲೆಯಾಯಿತು ಎಂದರೆ ಅತಿಯಾದೀತು. ಆದರೆ ಕೊಂದವರ ಸಿಟ್ಟಿಗೆ ಕಾರಣವಾದದ್ದೆಲ್ಲ ಆ ಬಿಲ್ಲೆಯ ಮೇಲಿತ್ತು.

ಕೊಂದವರಲ್ಲಿ ಮುಖ್ಯನಾದ ಬ್ರೂಟಸ್‌ಗೆ ನಾಣ್ಯದ ರಾಜಕೀಯ ಹೊಸತಲ್ಲ. ಹತ್ತು ವರ್ಷ ಮೊದಲೇ, ಟಂಕಸಾಲೆಯಲ್ಲಿದ್ದಾಗ, ಅರಸರನ್ನು ಓಡಿಸಿದ ತನ್ನ ಪೂರ್ವಜನ ಮೆರವಣಿಗೆಯನ್ನೂ ‘ಲಿಬರ್ಟಾಸ್’ ಎಂಬ ಸ್ವಾತಂತ್ರ್ಯದೇವಿಯ ಮುಖವನ್ನೂ ಹಾಕಿಸಿದ್ದ. ಕ್ರಿ.ಪೂ. 43–42ರಲ್ಲಿ ಸೈನ್ಯದ ಜೊತೆ ಪೂರ್ವದಲ್ಲಿದ್ದಾಗ ಹೊರಡಿಸಿದ್ದು ರೋಮನ್ ನಾಣ್ಯಗಳಲ್ಲೇ ಅತಿ ಪ್ರಸಿದ್ಧವಾದುದು. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಗುಬುಟಾದ ಟೋಪಿ, ಕೆಳಗೆ ‘ಎಯ್ಡ್ ಮಾರ್’, ಅಂದರೆ ಮಾರ್ಚ್ ನಡುದಿನ. ಬಿಡುಗಡೆಯಾದ ಗುಲಾಮನಿಗೆ ತೊಡಿಸುತ್ತಿದ್ದ ಟೋಪಿ ಅದು. ಈ ಕಠಾರಿಗಳಿಂದ, ಈ ದಿನ, ನಿಮ್ಮನ್ನು ಗುಲಾಮಗಿರಿಯಿಂದ ಬಿಡಿಸಿದೆವು ಎಂಬ ಇಡೀ ವಾಕ್ಯ ಮೂರು ವಸ್ತು, ಆರು ಲ್ಯಾಟಿನ್ ಅಕ್ಷರಗಳಲ್ಲಿ ಮುಗಿದಿದೆ. ಕಠಾರಿಗಳ ಹಿಡಿ ಒಂದೇ ಥರ ಇಲ್ಲ. ಒಂದು ಬ್ರೂಟಸ್‌ನದು, ಇನ್ನೊಂದು ಅವನ ಜೊತೆ ಸಂಚು ಹೂಡಿದ ಕ್ಯಾಸಿಯಸ್‌ನದು ಎನ್ನುವವರಿದ್ದಾರೆ. ಇನ್ನು ನಾಣ್ಯವನ್ನು ತಿರುಗಿಸಿ ನೋಡಿ. ಮುಂಬದಿಯಲ್ಲಿ ಬದುಕಿರುವ ರೋಮನ್ನನ ಮುಖ: ಬ್ರೂಟಸ್‌ನದೇ. ಸೀಸರ್ ಮುರಿದ ಕಟ್ಟಳೆಗೆ ಎರಡೇ ವರ್ಷದಲ್ಲಿ ಅವನನ್ನು ಕೊಂದವನೂ ಕಿಮ್ಮತ್ತು ಕೊಡಲಿಲ್ಲ.

ಆಮೇಲಿನ ಜಗಳ ಸೀಸರನ ಸೇನಾನಿ ಆಂಟನಿ ಮತ್ತು ಸೀಸರನ ದತ್ತುಮಗ ಆಕ್ಟೇವಿಯನ್ ನಡುವೆ. ಇಬ್ಬರ ನಡುವಿನ ನಿರ್ಣಾಯಕ ಆಕ್ಟಿಯಮ್ ಯುದ್ಧಕ್ಕೆ ಮುನ್ನ ಆಂಟನಿ ಒಂದೊಂದು ಪಡೆಯ ಹೆಸರಿನಲ್ಲೂ ಡಿನೇರಿಯಸ್ ಹೊಡೆಸಿದ. ಒಂದು ಬದಿ ಯುದ್ಧದ ಹಡಗು, ಇನ್ನೊಂದು ಬದಿ ಪಡೆಯ ಗರುಡ ಲಾಂಛನ, ಅಕ್ಕಪಕ್ಕ ಎರಡು ಬಾವುಟಗಂಬ, ಪಡೆಯ ಸಂಖ್ಯೆ. ಸಂಬಳ ಎಣಿಸಿಕೊಂಡ ಸೈನಿಕನಿಗೆ ಅವನದೇ ಪಡೆಯ ಹೆಸರು ಕಾಣುತ್ತಿತ್ತು. ಬೆಳ್ಳಿ ಮಾತ್ರ ಬೆರಕೆ. ಹಾಗಾಗಿ ಯಾರೂ ಅವನ್ನು ಕೂಡಿಡಲಿಲ್ಲ, ಕರಗಿಸಲಿಲ್ಲ. ಇನ್ನೂರು ವರ್ಷ ಕೈಯಿಂದ ಕೈಗೆ ದಾಟಿ ಸವೆದವು. ಸೋತವನ ನಾಣ್ಯ ಗೆದ್ದವನ ಸಾಮ್ರಾಜ್ಯದಲ್ಲಿ ಅಷ್ಟು ಕಾಲ ನಡೆಯಿತು.

ಗೆದ್ದ ಆಕ್ಟೇವಿಯನ್ ಅಗಸ್ಟಸ್ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ನಾಣ್ಯದ ವಾದವನ್ನು ಅವನಷ್ಟು ಚೆನ್ನಾಗಿ ಹೂಡಿದವರಿಲ್ಲ. ಈಜಿಪ್ಟನ್ನು ಗೆದ್ದದ್ದಕ್ಕೆ ಒಂದು ಮೊಸಳೆ ಮತ್ತು ‘ಈಜಿಪ್ಟ್ ವಶವಾಯಿತು’ ಎಂಬ ಬರಹ. ಆಂಟನಿಯ ಜೊತೆಗಿದ್ದ ಈಜಿಪ್ಟ್ ರಾಣಿ ಕ್ಲಿಯೋಪಾತ್ರಳ ಮಾತಾಗಲಿ, ಸೋತ ಆಂಟನಿಯೂ ರೋಮನ್ನನೇ ಎಂಬ ಸುಳಿವಾಗಲಿ ಎಲ್ಲೂ ಇಲ್ಲ. ಪೂರ್ವ ಗಡಿಯಾಚೆಯ ವೈರಿಗಳಾದ ಪಾರ್ಥಿಯನ್ನರ ಪ್ರಸಂಗ ಇನ್ನೂ ಜಾಣತನದ್ದು. ಕ್ರಿ.ಪೂ. 53ರಲ್ಲಿ ರೋಮನ್ ಸೇನಾನಿ ಕ್ರಾಸಸ್‌ನ ಸೈನ್ಯವನ್ನು ಪಾರ್ಥಿಯನ್ನರು ಹೊಸಕಿಹಾಕಿ ಬಾವುಟಗಂಬಗಳನ್ನು ಕಸಿದುಕೊಂಡಿದ್ದರು. ಅಗಸ್ಟಸ್ ಯುದ್ಧ ಮಾಡದೆ, ಮಾತುಕತೆ ನಡೆಸಿ, ಕ್ರಿ.ಪೂ. 20ರಲ್ಲಿ ಅವನ್ನು ವಾಪಸು ತರಿಸಿದ. ನಾಣ್ಯದಲ್ಲಿ ಮಾತುಕತೆಯ ಮೇಜು ಕಾಣುವುದಿಲ್ಲ. ಪಾರ್ಥಿಯನ್ನನೊಬ್ಬ ಮೊಣಕಾಲೂರಿ ಬಾವುಟಗಂಬ ಒಪ್ಪಿಸುತ್ತಿದ್ದಾನೆ.

ನಾಣ್ಯಗಳು ಮೊದಲು ಸೇರುತ್ತಿದ್ದದ್ದು ಹೆಚ್ಚಾಗಿ ಸೈನಿಕರ ಕೈಗೆ. ಅಗಸ್ಟಸ್ ಕಾಲದಲ್ಲಿ ಕಾಲಾಳಿನ ಸಂಬಳ ವರ್ಷಕ್ಕೆ 225 ಡಿನೇರಿಯಸ್. ಇದನ್ನು ನೆನಪಿಟ್ಟರೆ ಮುಂದಿನ ಇನ್ನೂರು ವರ್ಷಗಳ ಎಷ್ಟೋ ಚಿತ್ರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಕೈ ಕೈ ಕುಲುಕುವ ಚಿತ್ರದ ಸುತ್ತ ‘ಸೈನ್ಯಗಳ ನಿಷ್ಠೆ’ ಎಂದಿದ್ದರೆ ಆ ವರ್ಷ ಸೈನ್ಯದ ನಿಷ್ಠೆಯೇ ಅನುಮಾನದಲ್ಲಿತ್ತು ಎಂದು ಹುಡುಕಿ ನೋಡಬೇಕು. ಒಥೋನನ್ನು ಸೋಲಿಸಿದ ವಿಟೆಲಿಯಸ್‌ನ ನಾಣ್ಯ ಅಂಥದ್ದು. ಅವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಸೈನಿಕರ ಕೈಯಲ್ಲೇ ಸತ್ತ. ಕ್ರಿ.ಶ. 193ರಲ್ಲಿ ಅಂಗರಕ್ಷಕ ಪಡೆ ಸಿಂಹಾಸನವನ್ನೇ ಹರಾಜಿಗಿಟ್ಟಾಗ ಹೆಚ್ಚು ಕೂಗಿ ಕೊಂಡವನು ಡಿಡಿಯಸ್ ಜೂಲಿಯಾನಸ್. ಅವನ ಬೆಳ್ಳಿಯ ಮೇಲೆ ‘ಸೈನಿಕರ ಒಮ್ಮತ’. ಒಂಬತ್ತು ವಾರಗಳಲ್ಲಿ ಅವನ ಕತೆ ಮುಗಿಯಿತು. ಮನೆಯ ಜಗಳಕ್ಕೂ ಇದೇ ಮಾತು: ಕ್ರಿ.ಶ. 202ರಲ್ಲಿ ಮದುವೆಯಾದ, ತಂದೆಯ ಜೊತೆ ಸಹಚಕ್ರವರ್ತಿಯಾಗಿದ್ದ ಕಾರಕಲ್ಲಾ ಮತ್ತು ಪ್ಲಾಟಿಲ್ಲಾ ಕೈ ಹಿಡಿದು ನಿಂತಿರುವ ನಾಣ್ಯದಲ್ಲಿ ‘ಸಾಮ್ರಾಜ್ಯದ ಕುಡಿ’ ಎಂಬ ಹಾರೈಕೆ ಇದೆ. ಅವನಿಗೆ ಅವಳನ್ನು ಕಂಡರಾಗುತ್ತಿರಲಿಲ್ಲ. ಮೂರು ವರ್ಷಕ್ಕೆ ಗಡಿಪಾರು ಮಾಡಿಸಿದ, ತಂದೆ ತೀರಿಕೊಂಡು ಅಧಿಕಾರ ಪೂರ್ತಿ ಕೈಗೆ ಬಂದ ಮೇಲೆ ಕೊಲ್ಲಿಸಿದ.

ಹಾಗೆಂದು ಪ್ರತಿ ನಾಣ್ಯದ ಅರ್ಥವನ್ನೂ ತಿರುಗಾಮುರುಗಾ ಮಾಡುತ್ತ ಕೂರುವುದೂ ಸರಿಯಲ್ಲ. ತಕ್ಕಡಿಯ ಅಕ್ವಿಟಾಸ್‌ನಂಥವು ವರ್ಷಗಟ್ಟಲೆ ವಾಡಿಕೆಯಂತೆ ಬರುತ್ತಿದ್ದವು, ಅವುಗಳ ಹಿಂದೆ ಸಂಚು ಹುಡುಕಬೇಕಿಲ್ಲ. ಕೆಲವು ಬದಲಾವಣೆಗಳು ನಿಜವಾದ ಧೋರಣೆಯನ್ನೇ ತೋರುತ್ತವೆ. ಯಹೂದಿಗಳ ದಂಗೆ ಮುರಿದು ಜೆರುಸಲೇಮ್ ಬಿದ್ದ ಮೇಲೆ ಚಕ್ರವರ್ತಿ ವೆಸ್ಪಾಸಿಯನ್‌ನ ಡಿನೇರಿಯಸ್‌ನಲ್ಲಿ ಜುಡೇಯಾ ಪ್ರಾಂತ್ಯವು ವಿಜಯಸ್ತಂಭದ ಬುಡದಲ್ಲಿ ಕೂತು ದುಃಖಿಸುವ ಹೆಂಗಸು. ಅರವತ್ತು ವರ್ಷಗಳ ಮೇಲೆ, ಸಾಮ್ರಾಜ್ಯವನ್ನೆಲ್ಲ ಸುತ್ತಿ ಬಂದ ಚಕ್ರವರ್ತಿ ಹೇಡ್ರಿಯನ್‌ನ ನಾಣ್ಯಗಳಲ್ಲಿ ಪ್ರಾಂತ್ಯಗಳು ಸೆರೆಯಾಳುಗಳಲ್ಲ, ತಮ್ಮ ತಮ್ಮ ಸಿರಿಯ ಜೊತೆ ಒರಗಿ ಕೂತ ಗೃಹಿಣಿಯರು. ಹಿಸ್ಪಾನಿಯಾದ (ಇಂದಿನ ಸ್ಪೇನ್ ಕಡೆಯ ಪ್ರಾಂತ್ಯ) ಕೈಯಲ್ಲಿ ಆಲಿವ್ ಕೊಂಬೆ, ಪಕ್ಕದಲ್ಲಿ ಮೊಲ. ಆಫ್ರಿಕಾ ತಲೆಗೆ ಆನೆಯ ಮುಖವಾಡ ತೊಟ್ಟು ಕೈಯಲ್ಲಿ ಚೇಳು ಹಿಡಿದಿದ್ದಾಳೆ. ಈಜಿಪ್ಟ್ ಹತ್ತಿರ ಒಂದು ಐಬಿಸ್ ಹಕ್ಕಿ. ಅದೇ ಹೇಡ್ರಿಯನ್ ಜುಡೇಯಾದ ಎರಡನೇ ದೊಡ್ಡ ದಂಗೆಯನ್ನು ಎಷ್ಟು ಕ್ರೂರವಾಗಿ ಅಡಗಿಸಿದ ಎಂಬುದನ್ನೂ ಮರೆಯಬಾರದು.

ಮೂರನೆಯ ಶತಮಾನಕ್ಕೆ ಬಂದರೆ ಚಿತ್ರ ಜೋರಾಗುತ್ತದೆ, ಬೆಳ್ಳಿ ಕರಗುತ್ತದೆ. ಕ್ರಿ.ಶ. 215ರಲ್ಲಿ ಕಾರಕಲ್ಲಾ ಹೊಸದೊಂದು ನಾಣ್ಯ ತಂದ. ಬೆಲೆ ಎರಡು ಡಿನೇರಿಯಸ್‌ಗೆ ಸಮ ಎಂದು ಬಹುತೇಕ ತಜ್ಞರ ಅಂದಾಜು, ತೂಕ ಒಂದೂವರೆಯಷ್ಟೇ. ಗುರುತಿಗೆ ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದ ಕಿರೀಟ. 248ರಲ್ಲಿ ರೋಮಿಗೆ ಸಾವಿರ ವರ್ಷ ತುಂಬಿತೆಂದು ಫಿಲಿಪ್ ಎಂಬ ಚಕ್ರವರ್ತಿ ಉತ್ಸವ ನಡೆಸಿ ಸಿಂಹ, ಜಿಂಕೆ, ನೀರುಕುದುರೆಗಳ ನಾಣ್ಯ ಬಿಟ್ಟ. ಮರುವರ್ಷವೇ ಯುದ್ಧದಲ್ಲಿ ಸತ್ತ. 260ರಲ್ಲಿ ಚಕ್ರವರ್ತಿ ವಲೇರಿಯನ್ ಪರ್ಷಿಯನ್ನರಿಗೆ ಸೆರೆಯಾದ. ಅವನ ಮಗ ಗ್ಯಾಲಿಯೆನಸ್‌ನ ಕಾಲದಲ್ಲಿ ‘ಬೆಳ್ಳಿ’ ನಾಣ್ಯದಲ್ಲಿ ಬೆಳ್ಳಿ ಉಳಿದದ್ದು ನೂರರಲ್ಲಿ ಕೆಲವೇ ಪಾಲು, ಉಳಿದದ್ದೆಲ್ಲ ತಾಮ್ರ. ಕಡೆಯ ವರ್ಷಗಳಲ್ಲಿ ಅವನು ದೇವರುಗಳನ್ನೇ ಸರದಿಯಲ್ಲಿ ನಿಲ್ಲಿಸಿದ: ಡಯಾನಾಗೆ ಜಿಂಕೆ, ನೆಪ್ಚೂನ್‌ಗೆ ಕಡಲಕುದುರೆ, ಸೂರ್ಯನಿಗೆ ರೆಕ್ಕೆಯ ಕುದುರೆ. ಒಬ್ಬೊಬ್ಬರೂ ‘ಚಕ್ರವರ್ತಿಯ ರಕ್ಷಕ’ರು. ಅವನ ಒಂದು ಚಿನ್ನದ ನಾಣ್ಯದ ಮೇಲೆ ‘ಎಲ್ಲೆಲ್ಲೂ ಶಾಂತಿ’ ಎಂದೇ ಇದೆ.

ಇಷ್ಟೆಲ್ಲ ಚಿತ್ರಗಳನ್ನು ರೋಮಿನಾಚೆಯವರು ಹೇಗೆ ನೋಡಿದರು? ಜರ್ಮನ್ ಬುಡಕಟ್ಟುಗಳು ಹಲ್ಲುಹಲ್ಲು ಅಂಚಿನ, ಜೋಡುಕುದುರೆ ರಥದ ಹಳೆಯ ಡಿನೇರಿಯಸ್‌ಗಳನ್ನೇ ಕೇಳಿ ಪಡೆಯುತ್ತಿದ್ದರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ರೋಮನ್ ಲೇಖಕ ಪ್ಲಿನಿ ಸಿಂಹಳದ ಪ್ರಸಂಗವೊಂದನ್ನು ದಾಖಲಿಸಿದ್ದಾನೆ. ಗಾಳಿಗೆ ಸಿಕ್ಕಿ ದಿಕ್ಕುತಪ್ಪಿ ಬಂದ ರೋಮನ್ನನ ಬಳಿ ಇದ್ದ ಡಿನೇರಿಯಸ್‌ಗಳನ್ನು ಅಲ್ಲಿನ ಅರಸ ನೋಡಿದನಂತೆ. ಮುಖಗಳು ಬೇರೆಬೇರೆ, ಅಂದರೆ ಹೊಡೆಸಿದವರು ಬೇರೆಬೇರೆ. ಆದರೂ ತೂಕ ಎಲ್ಲದರದೂ ಒಂದೇ. ಇವರು ಪ್ರಾಮಾಣಿಕರು ಎಂದು ಅರಸ ಮೆಚ್ಚಿದನಂತೆ. ಕತೆ ಎಷ್ಟು ನಿಜವೋ, ಅದರಲ್ಲಿನ ವ್ಯಾಪಾರದ ಬುದ್ಧಿ ಮಾತ್ರ ನಿಜ.

ನಮ್ಮ ನೆಲದಲ್ಲಿ ಸಿಕ್ಕ ನಾಣ್ಯಗಳೂ ಅದನ್ನೇ ಹೇಳುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ, ಆಮೇಲೆ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಡಿನೇರಿಯಸ್‌ಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಮತ್ತೆ ಮತ್ತೆ ಕಾಣುವುದು ಎರಡೇ ಚಿತ್ರ. ಒಂದು ಅಗಸ್ಟಸ್‌ನದು: ದತ್ತುಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಈಟಿಗಳ ಜೊತೆ ನಿಂತಿದ್ದಾರೆ, ಇವರೇ ನನ್ನ ಉತ್ತರಾಧಿಕಾರಿಗಳು ಎಂಬ ಘೋಷಣೆ. ಕ್ರಿ.ಶ. 2ರಲ್ಲಿ ಒಬ್ಬ, 4ರಲ್ಲಿ ಇನ್ನೊಬ್ಬ ತೀರಿಕೊಂಡರು. ಇನ್ನೊಂದು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ನದು: ರಾಜದಂಡ, ಕೊಂಬೆ ಹಿಡಿದು ಕೂತ ಹೆಣ್ಣು, ಅವನ ತಾಯಿ ಲಿವಿಯಾ ಎಂದು ಹಲವರ ಅಭಿಪ್ರಾಯ. ಬೈಬಲ್‌ನಲ್ಲಿ ಏಸು ‘ಈ ಮುಖ ಯಾರದು’ ಎಂದು ಕೇಳಿದ್ದು ಇದೇ ನಾಣ್ಯ ತೋರಿಸಿ ಎಂಬ ನಂಬಿಕೆಯೂ ಇದೆ. ಮೆಣಸು, ಬಟ್ಟೆ, ಹರಳು ಮಾರಿದ ಇಲ್ಲಿನ ವರ್ತಕನಿಗೆ ಗಾಯಸ್ ಯಾರಾದರೇನು, ಲಿವಿಯಾ ಯಾರಾದರೇನು? ಈ ಚಿತ್ರ ಇದ್ದರೆ ಬೆಳ್ಳಿ ಚೊಕ್ಕ, ಅಷ್ಟು ಸಾಕು. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ಡಿನೇರಿಯಸ್‌ನ ತೂಕ ಇಳಿಸಿ ಬೆಳ್ಳಿಗೆ ಬೆರಕೆ ಹಾಕಿದ. ಆಮೇಲಿನ ಬೆಳ್ಳಿ ನಾಣ್ಯ ಇಲ್ಲಿ ಅಪರೂಪ. ಇಲ್ಲಿನವರೇ ಮಾಡಿಕೊಂಡ ನಕಲುಗಳೂ ಸಿಕ್ಕಿವೆ. ಅವುಗಳಲ್ಲಿ ಚಕ್ರವರ್ತಿಯ ತಲೆಯನ್ನು ತಕ್ಕಮಟ್ಟಿಗೆ ಮೂಲದಂತೆಯೇ ಮೂಡಿಸಲು ನೋಡಿದ್ದಾರೆ. ಸುತ್ತ ಅಕ್ಷರ ಇರಬೇಕಾದಲ್ಲಿ ಎಷ್ಟೋ ಕಡೆ ಇರುವುದು ಅರ್ಥವಿಲ್ಲದ ಗೀಟುಗಳು.